ಮಾವನವರ ಹೆಸರಿನವರು

ಆಕ್-ಕುದುಕ್ ಊರಿನಲ್ಲಿ ಜಂಬ ಪಡುವುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಇತ್ತು. ಮೌಲ್ವಿಗಳಿಗೆ ಅವರ ಗಡ್ಡ. ಕ್ಲಬ್ಬಿನ ಮ್ಯಾನೇಜರಿಗೆ ಅವನ ಹಳೇ ಪ್ರೊಜೆಕ್ಟರು. ಪಕ್ಕದ ಮನೆ ಜಿಪಾರಕ್ಕನಿಗೆ ಅವಳ ಕಿವಿ. ಗೋಡೆಯಾಚೆ ಮೊಟ್ಟೆ ಒಡೆದರೆ ಅದು ಯಾವ ಕೋಳಿಯದು ಅಂತ ಹೇಳುತ್ತಿದ್ದಳು. ಮಿನಿಬಸ್ ಓಡಿಸುವ ಸಾಗಿನ್‌ಗೆ ಮಾತ್ರ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ತಲೆಗೂದಲು ಅದಕ್ಕೂ ಮುಂಚೆಯೇ ಹೋಗಿತ್ತು. ಬಸ್ಸೋ, ಬಾಗಿಲನ್ನು ಒದ್ದರೆ ಮಾತ್ರ ಮುಚ್ಚಿಕೊಳ್ಳುವಂಥದ್ದು.

ಹೀಗಿರುವಾಗ ಮನೆಗೆ ಸೊಸೆ ಬಂದಳು. ಬುರುಲ್ ಅಂತ. ಬಂದ ವಾರದಲ್ಲೇ ಸಾಗಿನ್‌ಗೆ ತನ್ನ ಜಂಬ ಸಿಕ್ಕಿತು.

"ಈಗಿನ ಕಾಲದ ಸೊಸೆಯರು ಮಾವನ ಹೆಸರು ಹಿಡಿದು ಕರೀತಾರೆ. ಫೋನಲ್ಲಿ ಬೇರೆ ಬರ್ಕೋತಾರೆ," ಎಂದು ಅವನು ಬಸ್ಸಿನಲ್ಲಿ ಕೂತ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. "ನನ್ನ ಸೊಸೆ ಬಾಯಲ್ಲಿ ನನ್ನ ಹೆಸರು ಬಂದಿದ್ದನ್ನ ಯಾರಾದ್ರೂ ಕೇಳಿದ್ದೀರಾ? ಕೇಳಿದ್ರೆ ಹೇಳಿ, ಈಗಿಂದೀಗಲೇ ಬಸ್ ನಿಲ್ಲಿಸಿ ಇಳಿದು ಹೋಗ್ತೀನಿ. ಪ್ರಾಣ ಹೋದ್ರೂ ಹೇಳಲ್ಲ ಅವಳು!"

ಅದು ನಿಜವೇ. ಗಂಡನ ಹೆಸರನ್ನೂ ಅವನ ಮನೆಯ ಹಿರಿಯರ ಹೆಸರನ್ನೂ ಹೆಂಗಸರು ಬಾಯಲ್ಲಿ ಹೇಳಬಾರದು ಎಂಬ ಹಳೇ ಪದ್ಧತಿಯನ್ನು ಬುರುಲ್ ತನ್ನ ಅಜ್ಜಿಯಿಂದ ಕಲಿತು ಬಂದಿದ್ದಳು, ಮತ್ತು ಅಜ್ಜಿಗಿಂತ ಒಂದು ಕೈ ಮೇಲಾಗಿಯೇ ನಡೆಸುತ್ತಿದ್ದಳು. ತೊಂದರೆ ಏನೆಂದರೆ, ಆ ಸೀಮೆಯ ಮಾತಿನಲ್ಲಿ ಸಾಗಿನ್ ಅಂದರೆ ಹಂಬಲ. ಹೆಸರು ಹೇಳುವಂತಿಲ್ಲ ಎಂದ ಮೇಲೆ ಹಂಬಲ ಎಂಬ ಮಾತನ್ನೂ ಆಡುವಂತಿಲ್ಲ. ಅವಳ ಗಂಡ ಕುರಿ ಹಿಂಡಿನ ಜೊತೆ ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿದ್ದ. ಫೋನಿಗೆ ಅಪ್ಪಿತಪ್ಪಿ ಅವನು ಸಿಕ್ಕಾಗ ಬುರುಲ್ ಗೋಡೆ ಕಡೆ ತಿರುಗಿ, ಮೆಲ್ಲಗೆ, "ನೀವಿಲ್ದೆ ನಂಗೆ ತುಂಬಾ ಮಾವನವರಾಗ್ತಿದೆ ಕಣ್ರೀ," ಎನ್ನುತ್ತಿದ್ದಳು. ಗಂಡನಿಗೆ ಅರ್ಥವಾಗುತ್ತಿತ್ತು. ಅತ್ತಲಿಂದ ಕುರಿಗಳ ಸದ್ದಿನ ನಡುವೆ, "ನಂಗೂ ಕಣೇ, ಬೆಳಿಗ್ಗೆಯಿಂದ ಬರೀ ಅಪ್ಪ," ಎನ್ನುತ್ತಿದ್ದ.

ಇನ್ನು ಸಾಗಿನ್‌ನ ಹೆಸರನ್ನು ಊರಿನಲ್ಲೆಲ್ಲ ಗಟ್ಟಿಯಾಗಿ ಕೂಗುತ್ತಿದ್ದವಳು ಒಬ್ಬಳಿದ್ದಳು: ಅಸಿಲ್ಕಾನ್. ಗಂಡ ಸತ್ತವಳು. ಮೊಸರನ್ನು ಕುದಿಸಿ ಹಿಂಡಿ ಒಣಗಿಸಿದ ಕುರುತ್ ಉಂಡೆಗಳನ್ನು ದಿನಾ ನಾರಿನ್ ಪೇಟೆಗೆ ಒಯ್ದು ಮಾರುತ್ತಿದ್ದಳು. ಬಸ್ಸಿನ ಮುಂದಿನ ಸೀಟು ಅವಳದೇ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವಳಾದ್ದರಿಂದ ಅವಳಿಗೆ ಮುಲಾಜು ಗಿಲಾಜು ಏನೂ ಇರಲಿಲ್ಲ. ಬಂದು ಕೂತವಳೇ, "ಏ ಸಾಗಿನ್, ಬಾಗಿಲು!" ಎಂದು ಕೂಗುತ್ತಿದ್ದಳು. ಆ ಕೂಗಿಗೆ ಕೋಳಿಗಳು ರಸ್ತೆ ಬಿಡುತ್ತಿದ್ದವು. ಸಾಗಿನ್ ಹಿಂದೆ ಹೋಗಿ ಬಾಗಿಲಿಗೆ ಒದ್ದು ಬಂದು ಕೂರುತ್ತಿದ್ದ, ಆಮೇಲೆ ದಿನವೆಲ್ಲ ಹಗುರಾಗಿರುತ್ತಿದ್ದ.

ಈ ಹಗುರ ಏನು ಎಂದು ಅವನಿಗೆ ತಿಳಿಯಲು ಬಹಳ ಕಾಲ ಹಿಡಿಯಿತು. ತಿಳಿದ ಮೇಲೆ ಒಂದು ಜೊತೆ ಬೆಳ್ಳಿ ಓಲೆ ಕೊಂಡು, ಕರ್ಚೀಫಿನಲ್ಲಿ ಸುತ್ತಿ, ಬಸ್ಸಿನ ಮುಂದಿನ ಡಬ್ಬಿಯಲ್ಲಿ ಇಟ್ಟ. ಗಂಡಿನ ಕಡೆ ಹೆಂಗಸು ಹೋಗಿ ಹೆಣ್ಣಿಗೆ ಓಲೆ ಕೊಟ್ಟರೆ ಅಲ್ಲಿಗೆ ಮಾತು ಪಕ್ಕಾ ಆದಂತೆ. ಆದರೆ ಯಾರನ್ನು ಕಳಿಸುವುದು, ಯಾವಾಗ, ಅಸಿಲ್ಕಾನ್ ನಕ್ಕುಬಿಟ್ಟರೆ ಏನು ಗತಿ? ಅವಳು ನಕ್ಕರೆ ನಾರಿನ್‌ವರೆಗೂ ಕೇಳಿಸುತ್ತಿತ್ತು. ಓಲೆ ಡಬ್ಬಿಯಲ್ಲೇ ಉಳಿಯಿತು.

ಆಗ ಬುರುಲ್‌ಗೆ ದವಡೆ ಹಲ್ಲು ನೋಯತೊಡಗಿತು.

ಮಾವನ ಬಸ್ಸಿನಲ್ಲೇ ನಾರಿನ್‌ಗೆ ಹೋದಳು. ಹಲ್ಲಿನ ಡಾಕ್ಟರು ಊಟಕ್ಕೆ ಹೋಗಿದ್ದರು. ಎದುರುಗಡೆ ಸಿನಿಮಾ ಮಂದಿರ. ಪೋಸ್ಟರಿನಲ್ಲಿ ಕೆಂಪು ಕೋಟು ಹಾಕಿದ ಹೆಂಗಸೊಬ್ಬಳು, ಅವಳ ಕಾಲ ಬುಡದಲ್ಲಿ ಕೆದರಿದ ತಲೆಯ ಗಂಡಸು, ಹಿಂದೆ ಹೊತ್ತಿ ಉರಿಯುವ ಕಾರು. 'ಸುಟ್ಟರೂ ಬಿಡೆ' ಎಂದು ಚಿತ್ರದ ಹೆಸರು. ಬುರುಲ್ ಕೆನ್ನೆ ಹಿಡಿದುಕೊಂಡೇ ಒಳಗೆ ಹೋದಳು.

ಸಂಜೆ ಬಸ್ಸಿಗೆ ಬಂದಾಗ ಅವಳ ಕಣ್ಣು ಕೆಂಡದ ಹಾಗಿತ್ತು.

"ತುಂಬಾ ನೋವಾಯ್ತೇನಮ್ಮಾ?" ಎಂದು ಸಾಗಿನ್ ಕೇಳಿದ.

"ತುಂಬಾ, ಮಾವ," ಎಂದು ಬುರುಲ್ ಬಿಕ್ಕಿದಳು. "ಕೊನೆಗೆ ಇಬ್ರೂ ಕೆರೆಗೆ ಬಿದ್ರು."

ಸಾಗಿನ್ ಹಲ್ಲುಗಳ ವಿಚಾರ ಹೆಚ್ಚು ತಿಳಿದವನಲ್ಲ. ಹಾಗೂ ಆಗಬಹುದು ಎಂದು ತಲೆಯಾಡಿಸಿ ಗೇರು ಹಾಕಿದ.

ಮರುದಿನದಿಂದ ಅವನ ಅಂಗಳದಲ್ಲಿ ಓಣಿಯ ಹೆಂಗಸರು ಸೇರಿ ಚಳಿಗಾಲಕ್ಕೆ ಉಣ್ಣೆ ಹಾಸು ಹೊಲಿಯಲು ಕೂತರು. ಹೊಲಿಗೆಯ ಜೊತೆಗೆ ಬುರುಲ್ ಸಿನಿಮಾದ ಕಥೆ ತೆಗೆದಳು. ಕಥೆಯಲ್ಲಿ ಒಬ್ಬ ಲಾರಿ ಡ್ರೈವರ್. ಅವನು ದೊಡ್ಡ ಮನುಷ್ಯನೊಬ್ಬನ ಹೆಂಡತಿಯ ಮೇಲೆ ಹುಚ್ಚು ಹಿಡಿಸಿಕೊಂಡು, ತಾನೂ ಹಾಳಾಗಿ, ಅವಳನ್ನೂ ಹಾಳು ಮಾಡಿ, ಸಿಕ್ಕ ಸಿಕ್ಕದ್ದನ್ನೆಲ್ಲ ಸುಡುತ್ತಾನೆ. ಗ್ರಹಚಾರ ನೋಡಿ: ಆ ಡ್ರೈವರನ ಹೆಸರೂ ಸಾಗಿನ್.

ಬುರುಲ್ ಕಂಗೆಡಲಿಲ್ಲ. "ಅದ್ರಲ್ಲಿ ನಮ್ಮ ಮಾವನವರ ಹೆಸರಿನವರು ಒಬ್ರು ಇರ್ತಾರೆ," ಎಂದು ಶುರುಮಾಡಿದಳು. ಆ ಹೆಸರಿನವರನ್ನು ಏಕವಚನದಲ್ಲಿ ಕರೆಯುವುದು ಹೇಗೆ? ಆದ್ದರಿಂದ ಖಳನಂಥ ಆ ಹುಚ್ಚನಿಗೂ ಬಹುವಚನ. ಎರಡನೇ ದಿನ ಹೊಲಿಗೆ ಚುರುಕಾಯಿತು, ಕಥೆಯೂ ಚುರುಕಾಯಿತು, 'ಮಾವನವರ ಹೆಸರಿನವರು' ಎಂದು ಪ್ರತಿ ಸಲ ಹೇಳುವಷ್ಟು ಉಸಿರು ಉಳಿಯಲಿಲ್ಲ. ಬರೀ 'ಮಾವನವರು' ಎಂದಳು. ಮೊದಲಿನಿಂದ ಕೇಳುತ್ತಿದ್ದವರಿಗೆ ಏನೂ ಅನ್ನಿಸಲಿಲ್ಲ.

ಸರಿಯಾಗಿ ಆ ಹೊತ್ತಿಗೆ ಜರಡಿ ಕೇಳಲು ಬಂದ ಜಿಪಾರಕ್ಕ ಗೋಡೆಯ ಮೂಲೆಯಲ್ಲಿ ನಿಂತಳು.

"ಮಾವನವರು ಲಾರಿ ಮಾರಿಬಿಟ್ರು," ಎನ್ನುತ್ತಿದ್ದಳು ಬುರುಲ್. "ಆ ದುಡ್ಡಲ್ಲಿ ಅವಳಿಗೆ ಕೆಂಪು ಕೋಟು ತಂದುಕೊಟ್ರು. ಅವಳ ಗಂಡ ಬಾಗಿಲು ತಟ್ಟಿದ್ನಾ, ಮಾವನವರು ಕಿಟಕಿಯಿಂದ ಹಾರಿದ್ರು. ಹಾರಿ, ಓಡಿ ಹೋಗ್ಲಿಲ್ಲ ಮತ್ತೆ! ಅಲ್ಲೇ ಹಿಮದಲ್ಲಿ ಮಂಡಿಯೂರಿ ಕೂತ್ರು. ನನ್ನ ಸುಟ್ಟುಬಿಡು, ಇಲ್ಲಾ ನನ್ ಜೊತೆ ಬಂದ್ಬಿಡು ಅಂದ್ರು."

"ಅಯ್ಯೋ ಪಾಪ, ಮಂಡಿ ಹಿಡ್ಕೊಳ್ಲಿಲ್ವಾ?" ಎಂದಳು ಸೂಜಿಗೆ ದಾರ ಪೋಣಿಸುತ್ತಿದ್ದವಳು.

"ಪ್ರೀತಿ ಮಾಡೋರಿಗೆ ಮಂಡಿ ಎಲ್ಲಿ ನೆನಪಿರುತ್ತೆ ಅಕ್ಕಾ? ಅವಳ ಗಂಡನ ಕಾರಿಗೇ ಬೆಂಕಿ ಇಟ್ರು ಮಾವನವರು!"

ಜಿಪಾರಕ್ಕ ಹಿಂದಕ್ಕೆ ಹಿಂದಕ್ಕೆ ನಡೆದು ಹೊರಟುಹೋದಳು. ಜರಡಿ ಮರೆತಳು. ಜಿಪಾರಕ್ಕ ಎರವಲು ಕೇಳುವುದನ್ನು ಮರೆತಳೆಂದರೆ ವಿಷಯ ಎಷ್ಟು ದೊಡ್ಡದೆಂದು ನೀವೇ ಊಹಿಸಿ.

ಸಂಜೆಯೊಳಗೆ ಊರಿಗೆ ಊರೇ ತಿಳಿದುಕೊಂಡಿತು. ಕೆಲವರು ಪ್ರಶ್ನೆ ಕೇಳಿದರು, ಇಲ್ಲವೆಂದಲ್ಲ. "ಸಾಗಿನ್ ಹತ್ರ ಲಾರಿ ಎಲ್ಲಿತ್ತು?" ಎಂದು ಒಬ್ಬ. "ಅದೇ ನೋಡು, ಯಾರಿಗೂ ಗೊತ್ತಾಗದ ಹಾಗೆ ಇಟ್ಕೊಂಡಿದ್ದ," ಎಂದಳು ಜಿಪಾರಕ್ಕ. "ಈಗಿನ್ನೂ ಸೆಪ್ಟೆಂಬರ್, ಹಿಮ ಎಲ್ಲಿ ಬಂತು?" ಎಂದು ಇನ್ನೊಬ್ಬ. "ಹುಡುಕೋರಿಗೆ ಸಿಗುತ್ತೆ," ಎಂದಳು.

ಗಂಡಸರು ಚಹಾ ಅಂಗಡಿಯಲ್ಲಿ ಬೈದರು. ಬೈಯುತ್ತಾ ಬೈಯುತ್ತಾ, ಆ ಬೋಳುತಲೆಯವನಿಗೆ ಇದ್ದದ್ದು ತಮಗೆ ಯಾಕಿಲ್ಲ ಎಂದು ಒಳಗೊಳಗೇ ಯೋಚಿಸಿದರು.

ಮೊದಲು ಬುದ್ಧಿ ಹೇಳಲು ಬಂದವರು ಮೌಲ್ವಿಗಳು. ಮರುದಿನ ನಾರಿನ್‌ನಿಂದ ವಾಪಸ್ ಬರುವಾಗ ಬಸ್ ಖಾಲಿಯಿದ್ದದ್ದನ್ನು ನೋಡಿ ಮುಂದೆ ಬಂದು ಕೂತರು. ಗಡ್ಡ ಸವರಿಕೊಂಡರು.

"ಸಾಗಿನ್, ಊರಲ್ಲಿ ಒಂದು ಮಾತು ಓಡಾಡ್ತಿದೆ."

"ಯಾವ ಮಾತು?"

"ಒಬ್ಬ ಹೆಂಗಸಿನ ಮಾತು."

ಸಾಗಿನ್‌ನ ಕಣ್ಣು ತಾನಾಗಿ ಓಲೆಯ ಡಬ್ಬಿಯ ಕಡೆ ಹೋಯಿತು. ಬೋಳುತಲೆಯವರೆಗೂ ಕೆಂಪೇರಿದ. "ಗೊತ್ತಾಗಿಬಿಡ್ತಾ?"

"ಊರಿಗೇ ಗೊತ್ತು."

"ಅವಳಿಗೂ?"

"ಅವಳಿಗೆ ಗೊತ್ತಿರಲ್ವೇನಯ್ಯಾ!"

"ಇಲ್ಲ ಮೌಲ್ವಿಗಳೇ, ನಾನಿನ್ನೂ ಬಾಯ್ಬಿಟ್ಟು ಹೇಳಿಲ್ಲ. ಧೈರ್ಯ ಬರ್ತಿಲ್ಲ."

ಕಿಟಕಿಯಿಂದ ಹಾರಿ, ಹಿಮದಲ್ಲಿ ಮಂಡಿಯೂರಿ, ಕಾರು ಸುಟ್ಟ ಮನುಷ್ಯನಿಗೆ ಧೈರ್ಯ ಬರುತ್ತಿಲ್ಲವಂತೆ! ರೋಗ ತಾವು ತಿಳಿದದ್ದಕ್ಕಿಂತ ಆಳದಲ್ಲಿದೆ ಎಂದುಕೊಂಡರು ಮೌಲ್ವಿಗಳು.

"ಬಿಟ್ಬಿಡಪ್ಪಾ. ವಯಸ್ಸು ನೋಡ್ಕೋ."

"ವಯಸ್ಸೇನು ಮಾಡುತ್ತೆ? ಬೆಳಿಗ್ಗೆ ಅವಳ ದನಿ ಕೇಳ್ದೇ ಇದ್ರೆ ನಂಗೆ ಗೇರೇ ಬೀಳಲ್ಲ."

"ಮತ್ತೆ ಅವಳ ಗಂಡ?"

"ಸತ್ತುಹೋದ್ನಲ್ಲಾ."

ಮೌಲ್ವಿಗಳು ಸೀಟು ಹಿಡಿದುಕೊಂಡರು. "ಯಾ ಅಲ್ಲಾ! ಹೇಗೆ?"

"ಎದೆ ನೋವು. ತಡ್ಕೊಳ್ಳಕ್ಕಾಗ್ಲಿಲ್ಲ ಪಾಪ."

ಹೇಗೆ ತಡೆದುಕೊಂಡಾನು, ಇಂಥದ್ದನ್ನು ಕಣ್ಣಾರೆ ನೋಡಿದ ಮೇಲೆ! ಮೌಲ್ವಿಗಳು ಊರು ಇನ್ನೂ ದೂರವಿರುವಾಗಲೇ ಬಸ್ ನಿಲ್ಲಿಸಿ, ನಡೆದು ಹೋಗುತ್ತೇನೆಂದು ಇಳಿದರು. ಸಾಗಿನ್ ಮಾತ್ರ, ಪರವಾಗಿಲ್ಲ, ಮೌಲ್ವಿಗಳಿಗೆ ಮನಸ್ಸಿನಲ್ಲಿರುವುದನ್ನು ಹೇಳಿದ್ದು ಒಳ್ಳೆಯದೇ ಆಯಿತು ಎಂದುಕೊಂಡು ಸಿಳ್ಳೆ ಹಾಕುತ್ತಾ ಬಂದ.

ಗಂಡನೂ ಸತ್ತ ಎಂದ ಮೇಲೆ ಸರಕಾರ ಸುಮ್ಮನಿರುತ್ತದೆಯೇ? ಊರಿನ ಪೊಲೀಸಿನವನ ಹೆಸರು ಮೆಲಿಸ್. ಪ್ರಾಸ ಚೆನ್ನಾಗಿದೆಯೆಂದು ಎಲ್ಲರೂ ಅವನನ್ನು ಪೊಲೀಸ್ ಮೆಲಿಸ್ ಎಂದೇ ಕರೆಯುತ್ತಿದ್ದರು. ಅವನು ಬಂದಾಗ ಸಾಗಿನ್ ಬಸ್ಸಿನ ಕೆಳಗೆ ಮಲಗಿದ್ದ, ಕಾಲು ಮಾತ್ರ ಹೊರಗಿತ್ತು. ಪೊಲೀಸ್ ಮೆಲಿಸ್ ಕಾಲಿನ ಜೊತೆಗೇ ವಿಚಾರಣೆ ಶುರುಮಾಡಿದ.

"ನಿಜ ಹೇಳ್ಬೇಕು ಸಾಗಿನಣ್ಣ. ಸುಟ್ಟಿದ್ದು ನೀನೇನಾ?"

"ನಾನೇ ಕಣಪ್ಪಾ," ಎಂದಿತು ಕೆಳಗಿನಿಂದ ದನಿ. "ಇನ್ಯಾರು?"

"ಬೇಕಂತಲೇ?"

"ಬೇಕಂತ ಯಾರಾದ್ರೂ ಸುಡ್ತಾರಾ? ಏರು ರಸ್ತೆ, ಕಾಲು ಜಾಸ್ತಿ ಒತ್ತಿಬಿಟ್ಟೆ. ಬುಸ್ ಅಂತ ಹೊಗೆ ಬಂತು."

"ಪೂರ್ತಿ ಹೋಯ್ತಾ?"

"ಪೂರ್ತಿ. ವಾಸನೆ ಇನ್ನೂ ಮೂಗಲ್ಲೇ ಇದೆ."

"ಆಗ ಒಳಗೆ ಯಾರಾದ್ರೂ ಇದ್ರಾ?" ಪೊಲೀಸ್ ಮೆಲಿಸ್‌ನ ಟೋಪಿ ಬಸ್ಸಿನ ಕೆಳಕ್ಕೆ ಬಗ್ಗಿತು.

"ತುಂಬಾ ಜನ ಇದ್ರು! ನೀನೂ ಇದ್ಯಲ್ಲಪ್ಪಾ, ಹಿಂದಿನ ಸೀಟಲ್ಲಿ, ಬಾಯಿ ಬಿಟ್ಕೊಂಡು ನಿದ್ದೆ ಮಾಡ್ತಿದ್ದೆ." ಸಾಗಿನ್ ಹೊರಗೆ ಜಾರಿ ಬಂದು ಸುಟ್ಟ ಕ್ಲಚ್ ತಟ್ಟೆಯನ್ನು ಎತ್ತಿ ತೋರಿಸಿದ.

ಪೊಲೀಸ್ ಮೆಲಿಸ್ ತಟ್ಟೆಯನ್ನು ನೋಡಲಿಲ್ಲ. ತಾನು ನಿದ್ದೆ ಮಾಡುತ್ತಿರುವಾಗ ತನ್ನ ಮುಂದೆಯೇ ಅಪರಾಧ ನಡೆದಿದೆ ಎಂಬುದೊಂದೇ ಅವನ ಕಿವಿಗೆ ಬಿದ್ದದ್ದು. ಟೋಪಿ ಸರಿಮಾಡಿಕೊಂಡು, "ನಾನು ಇಲ್ಲಿಗೆ ಬಂದೂ ಇಲ್ಲ, ನಾವು ಮಾತಾಡಿಯೂ ಇಲ್ಲ," ಎಂದು ಹೇಳಿ ಬೇಗ ಬೇಗ ನಡೆದ.

ಇಷ್ಟಾದರೂ ಸಾಗಿನ್‌ಗೆ ಒಂದೂ ಹೊಳೆಯಲಿಲ್ಲ. ಊರಿನವರೆಲ್ಲ ತನ್ನನ್ನು ನೋಡಿ ಪಿಸುಗುಟ್ಟುವುದು ಓಲೆಯ ವಿಷಯಕ್ಕೇ ಎಂದು ಅವನು ನಂಬಿದ್ದ. ಎದೆಗೆ ಬಡಿದದ್ದು ಮರುದಿನ ಬೆಳಿಗ್ಗೆ. ಅಸಿಲ್ಕಾನ್ ಕುರುತ್ ಚೀಲ ಹೊತ್ತು ಬಂದಳು, ಮುಂದಿನ ಸೀಟನ್ನು ದಾಟಿ ನೇರ ಹಿಂದಕ್ಕೆ ಹೋಗಿ, ಪೊಲೀಸ್ ಮೆಲಿಸ್ ನಿದ್ದೆ ಮಾಡುವ ಜಾಗದಲ್ಲಿ ಕೂತಳು. ಬಾಗಿಲು ತೆರೆದೇ ಇತ್ತು. ಅವಳು ಕೂಗಲಿಲ್ಲ.

ಸಾಗಿನ್ ಕಾದ. ಗೇರು ಹಾಕಲು ನೋಡಿದ. ನಿಜಕ್ಕೂ ಬೀಳಲಿಲ್ಲ.

"ಅಸಿಲ್ಕಾನ್, ಏನಾಯ್ತು? ಮುಂದೆ ಬಾ."

"ಬೇಡಿ ಡ್ರೈವರೇ," ಎಂದಳು ಅವಳು.

ಡ್ರೈವರೇ! ಮೂಗು ಒರೆಸಿಕೊಳ್ಳಲು ಬಾರದ ಕಾಲದಿಂದ 'ಏ ಸಾಗಿನ್' ಎಂದವಳು, ಪರದೇಶದಿಂದ ಬಂದವಳ ಹಾಗೆ ಡ್ರೈವರೇ ಎಂದಳು.

"ಮುಂದಿನ ಸೀಟು ಕೆಂಪು ಕೋಟಿಗೆ ಇರ್ಲಿ," ಎಂದು ಕಿಟಕಿಯಾಚೆ ನೋಡುತ್ತಾ ಮುಂದುವರಿಸಿದಳು. "ನಾವು ಕುರುತ್ ವಾಸನೆಯವ್ರು. ಕೆಂಪು ಕೋಟು ಗಿಂಪು ಕೋಟು ಕಂಡೋರಲ್ಲ. ನಮ್ಗೆ ಯಾರು ತಂದ್ಕೊಟ್ಟಿದ್ದಾರೆ?"

ಸಾಗಿನ್ ನಾರಿನ್ ತಲುಪುವವರೆಗೂ ಇದನ್ನೇ ಮೆಲುಕು ಹಾಕಿದ. ಕೆಂಪು ಕೋಟು. ಯಾರು ತಂದುಕೊಟ್ಟಿದ್ದಾರೆ. ಕೊನೆಯ ತಿರುವಿನಲ್ಲಿ ಅವನ ತಲೆಯಲ್ಲಿ ದೀಪ ಹೊತ್ತಿತು. ಪಾಪ, ಅವಳಿಗೆ ಕೆಂಪು ಕೋಟು ಬೇಕಾಗಿದೆ! ಬಾಯ್ಬಿಟ್ಟು ಕೇಳಲು ನಾಚಿಕೆ! ಇಷ್ಟು ಸ್ಪಷ್ಟವಾಗಿ ಹೆಂಗಸರು ಮಾತಾಡುವಾಗ ಗಂಡಸರಿಗೆ ಯಾಕೆ ಅರ್ಥವಾಗುವುದಿಲ್ಲವೋ ಎಂದು ತನ್ನನ್ನೇ ಬೈದುಕೊಂಡು ನೇರ ಬಟ್ಟೆ ಸಾಲಿಗೆ ಹೋದ.

"ಯಾವ ಅಳತೆ?" ಎಂದಳು ಅಂಗಡಿಯವಳು.

ಸಾಗಿನ್ ಗಾಳಿಯಲ್ಲಿ ಸ್ಟೀರಿಂಗ್ ಹಿಡಿದಂತೆ ಕೈ ಚಾಚಿದ. "ಇಷ್ಟು. ದನಿ ಮಾತ್ರ ಇನ್ನೂ ದೊಡ್ಡದು."

ಸುಕ್ಕಾಗಬಾರದೆಂದು ಕೋಟನ್ನು ಮುಂದಿನ ಸೀಟಿಗೆ ತೊಡಿಸಿ, ಗುಂಡಿ ಹಾಕಿ, ಊರಿಗೆ ಬಂದ. ಅಸಿಲ್ಕಾನ್ ಆ ಸಂಜೆ ತರಕಾರಿ ಲಾರಿ ಹತ್ತಿ ಮೊದಲೇ ಹೋಗಿಬಿಟ್ಟಿದ್ದಳು. ಬೇಲಿ ಬೇಲಿಯ ಮೇಲೂ ಒಂದೊಂದು ತಲೆ ಎದ್ದಿತು. ಡ್ರೈವರನ ಪಕ್ಕದಲ್ಲಿ ಕೆಂಪು ಕೋಟು ನೆಟ್ಟಗೆ ಕೂತು ಬರುತ್ತಿದ್ದದ್ದನ್ನು ಆಕ್-ಕುದುಕ್ ಕಣ್ತುಂಬ ನೋಡಿತು. ಜಿಪಾರಕ್ಕ ಅದರೊಳಗೆ ಹೆಂಗಸನ್ನೂ ನೋಡಿದಳು.

ಮನೆಯ ಮುಂದೆ ಬಸ್ ನಿಲ್ಲುವಷ್ಟರಲ್ಲಿ ಅಂಗಳದಲ್ಲಿ ಅಳುವಿನ ಸದ್ದು ಎದ್ದಿತ್ತು. ಸಾಗಿನ್‌ನ ಅಕ್ಕ ಕಾಲಿಚಾ ಸುದ್ದಿ ಕೇಳಿ ಆಚೆ ಕಣಿವೆಯ ಊರಿನಿಂದ ಬಂದಿದ್ದಳು. ಅಳುವುದಕ್ಕೇ ಬಂದವಳು, ಆದರೆ ಅಳುವ ಮನೆಗೂ ಜನ ಬರುತ್ತಾರೆ, ಬಂದವರು ತಿನ್ನಬೇಕು ಎಂದು ಒಂದು ಚೀಲ ಬೋರ್ಸೋಕ್ ಕರಿದುಕೊಂಡೇ ಬಂದಿದ್ದಳು. ಓಣಿಯವರೆಲ್ಲ ಆ ಕರಿದ ಹಿಟ್ಟಿನ ತುಂಡುಗಳನ್ನು ಬಾಯಿಗೆ ಹಾಕಿಕೊಂಡು ದುಃಖದಲ್ಲಿ ಭಾಗಿಯಾಗಿದ್ದರು.

"ಅಯ್ಯೋ ನನ್ ತಮ್ಮಾ! ಮನೆ ಮಾರಿಬಿಟ್ಯಂತಲ್ಲೋ!"

"ಮತ್ತೆ ನೀನೀಗ ನಿಂತಿರೋದು ಎಲ್ಲಿ?" ಎಂದ ಸಾಗಿನ್.

"ಕಿಟಕಿಯಿಂದ ಹಾರಿದ್ಯಂತಲ್ಲೋ! ಸೊಂಟ ಹಿಡ್ಕೊಂಡು ಹಾಸಿಗೆಯಿಂದಲೇ ಇಳಿಯಕ್ಕಾಗಲ್ಲ ನಿಂಗೆ!"

"ಯಾವ ಕಿಟಕಿ?"

"ಕೆಂಪು ಕೋಟಿನವಳ ಕಿಟಕಿ!" ಎಂದಳು ಜಿಪಾರಕ್ಕ ಮುಂದೆ ಬಂದು. "ಮುಚ್ಚಿಟ್ರೆ ಮುಚ್ಚಿಡಕ್ಕಾಗುತ್ತಾ? ನಿನ್ ಸೊಸೆ ಬಾಯಿಂದಲೇ ಕೇಳಿದ್ದೀನಿ. ಮಾವನವರು ಬೆಂಕಿ ಇಟ್ರು, ಮಾವನವರು ಮಂಡಿಯೂರಿದ್ರು."

ಎಲ್ಲರೂ ಬುರುಲ್ ಕಡೆ ತಿರುಗಿದರು. ಹಿಟ್ಟು ಮೆತ್ತಿದ ಕೈಯಲ್ಲಿ ಬಾಗಿಲಿಗೆ ಬಂದವಳು ಕೈಯನ್ನು ಕೆನ್ನೆಗೆ ಬಡಿದುಕೊಂಡಳು. "ಅಯ್ಯಯ್ಯೋ! ಅದು ಸಿನಿಮಾ! ಸಿನಿಮಾದಲ್ಲಿ ಬರೋ ಮಾವನವರು!"

"ಸಿನಿಮಾದಲ್ಲಿ ಯಾರಮ್ಮ ನಿನ್ ಮಾವ?" ಎಂದು ಕಾಲಿಚಾ ಕಣ್ಣೀರು ನಿಲ್ಲಿಸಿ ಕೇಳಿದಳು.

"ಮಾವನವರಲ್ಲ, ಮಾವನವರ ಹೆಸರಿನವರು!"

"ಹಂಗಾದ್ರೆ ಅವನ ಹೆಸರು ಹೇಳು ನೋಡೋಣ," ಎಂದಳು ಜಿಪಾರಕ್ಕ.

ಬುರುಲ್ ಬಾಯಿ ತೆರೆದಳು. ಮುಚ್ಚಿದಳು. "ಅದೇ... ಹತ್ರ ಇಲ್ದಿರೋರನ್ನ ನೆನೆಸ್ಕೊಂಡಾಗ ಒಳಗೆ ಒಂಥರಾ ಆಗುತ್ತಲ್ಲ, ಅದು."

"ಹೊಟ್ಟೆ ಉರಿ!" ಎಂದರು ಒಬ್ಬರು.

"ನೆಗಡಿ," ಎಂದ ಪೊಲೀಸ್ ಮೆಲಿಸ್.

ಗುಂಪಿನ ಅಂಚಿನಲ್ಲಿ ಅಸಿಲ್ಕಾನ್ ಬಂದು ನಿಂತದ್ದನ್ನು ಸಾಗಿನ್ ಆಗ ನೋಡಿದ. ಅವಳ ಮುಖ ನೋಡಿದ, ಬಸ್ಸಿನಲ್ಲಿ ಕೂತ ಕೋಟನ್ನು ನೋಡಿದ, ಮೌಲ್ವಿಗಳ ಗಡ್ಡ ನೋಡಿದ. ಇಷ್ಟು ದಿನ ಊರು ಆಡಿದ್ದೆಲ್ಲ ಅವನ ತಲೆಯಲ್ಲಿ ಒಟ್ಟಿಗೆ ಬಂದು ಬಿತ್ತು. ಸೊಸೆಗೆ ಕೈ ಮುಗಿಯುವುದೊಂದು ಬಾಕಿ, ಹಾಗೆ ಬೇಡಿಕೊಂಡ.

"ಹೇಳಮ್ಮಾ ಬುರುಲ್, ನಾನೇ ಅಪ್ಪಣೆ ಕೊಡ್ತಿದ್ದೀನಿ. ಒಂದ್ಸಲ ಹೇಳ್ಬಿಡು."

"ಹೇಗೆ ಹೇಳ್ಲಿ ಮಾವ? ಪ್ರಾಣ ಹೋದ್ರೂ ಹೇಳಲ್ಲ ಅಂತ ನೀವೇ ಊರಿಗೆಲ್ಲ ಹೇಳಿದ್ದೀರಿ."

"ಹೋಗ್ತಿರೋದು ನನ್ ಪ್ರಾಣ ಅಲ್ವೇನಮ್ಮಾ!"

ಬುರುಲ್ ಅಳುತ್ತಾ ಒಳಗೆ ಓಡಿದಳು. ಹೆಸರು ಮಾತ್ರ ಹೇಳಲಿಲ್ಲ. "ನೋಡಿದ್ರಾ, ಮಾವನ್ನ ಉಳಿಸಕ್ಕೆ ಏನೇನು ಹೇಳ್ತಾಳೆ," ಎಂದಳು ಜಿಪಾರಕ್ಕ. ಹೊಲಿಗೆಗೆ ಕೂತಿದ್ದ ಹೆಂಗಸರು ಅದು ಸಿನಿಮಾನೇ ಎಂದರು, ಆ ಮನೆಯ ಚಹಾ ಕುಡಿದವರ ಮಾತು ಎಂದು ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಸಿಲ್ಕಾನ್ ತಿರುಗಿ ನಡೆದಳು.

ಕಡೆಗೆ ಬಾಯಿ ಹಾಕಿದವನು ಕ್ಲಬ್ಬಿನ ಮ್ಯಾನೇಜರ್. "ಇಷ್ಟಕ್ಕೆ ಯಾಕೆ ಕಿತ್ತಾಟ? ಆ ಸಿನಿಮಾನೇ ತರಿಸ್ತೀನಿ. ಟಿಕೆಟ್ ತಗೊಂಡು ನೋಡಿ, ನೀವೇ ತೀರ್ಮಾನ ಮಾಡಿ." ಅವನ ಪ್ರೊಜೆಕ್ಟರಿಗೆ ಇಂಥ ಭಾಗ್ಯ ಎಂದೂ ಬಂದಿರಲಿಲ್ಲ.

ಶುಕ್ರವಾರ ಸಂಜೆ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನೈತಿಕ ಹೊಣೆಯಿಂದ ಮಾತ್ರ ಬಂದಿದ್ದೇನೆಂದು ಎಲ್ಲರಿಗೂ ಹೇಳಿ ಮೌಲ್ವಿಗಳು ಮುಂದಿನ ಸಾಲಿನ ನಡುವಿನ ಕುರ್ಚಿ ಹಿಡಿದರು. ಅಸಿಲ್ಕಾನ್ ಸೂರ್ಯಕಾಂತಿ ಬೀಜದ ಪೊಟ್ಟಣ ಹಿಡಿದು ಹಿಂದೆ ಕೂತಳು. ದೀಪ ಆರಿತು. ಪರದೆಯ ಮೇಲೆ ಕೆಂಪು ಕೋಟು ಬಂತು, ಲಾರಿ ಬಂತು. ಆ ಹೆಂಗಸು ಕಿಟಕಿಯಿಂದ ಬಗ್ಗಿ ಎದೆ ಬಿರಿಯುವಂತೆ, "ಸಾಗಿನ್!" ಎಂದು ಕೂಗಿದಳು.

"ಏನು?" ಎಂದ ನಮ್ಮ ಸಾಗಿನ್ ಕತ್ತಲಲ್ಲಿ.

ಕ್ಲಬ್ಬು ಸೂರು ಹಾರಿಹೋಗುವಂತೆ ನಕ್ಕಿತು. ಆಮೇಲೆ ಹೆಸರು ಬಂದಾಗಲೆಲ್ಲ ಬುರುಲ್ ಎರಡು ಕಿವಿ ಮುಚ್ಚಿಕೊಂಡು, ಮರ್ಯಾದೆಗೆ ಅರ್ಧ ಎದ್ದು ನಿಂತು ಕೂರುತ್ತಿದ್ದಳು. ಆ ಹೆಂಗಸು ಹೆಸರನ್ನು ಬಹಳ ಸಲ ಕೂಗಿದಳಾದ್ದರಿಂದ ಹಿಂದೆ ಕೂತವರಿಗೆ ಅರ್ಧ ಚಿತ್ರ ಕಾಣಲಿಲ್ಲ. ಹಿಮ, ಮಂಡಿ, ಬೆಂಕಿ, ಕೆರೆ, ಎಲ್ಲವೂ ಬುರುಲ್ ಹೇಳಿದ ಹಾಗೆಯೇ ಬಂದವು. ಕೊನೆಗೆ ಇಬ್ಬರೂ ಮುಳುಗಿದಾಗ ಊರು ಗಂಡಸು ಹೆಂಗಸು ಎನ್ನದೆ ಅತ್ತಿತು. ನೈತಿಕ ಹೊಣೆಯೂ ಗಡ್ಡದಲ್ಲಿ ಕಣ್ಣೊರೆಸಿಕೊಂಡಿತು.

ದೀಪ ಬಂದ ಮೇಲೆ ಅದರ ಬೆನ್ನಿಗೇ ನಿರಾಸೆ ಬಂತು.

"ಅಂದ್ರೆ ನಮ್ ಸಾಗಿನ್ ಏನೂ ಮಾಡಿಲ್ವಾ?" ಎಂದಳು ಜಿಪಾರಕ್ಕ, ಅವನು ತನಗೆ ಮೋಸ ಮಾಡಿದ ಹಾಗೆ. "ಒಂದು ಕಿಟಕೀನೂ ಹಾರಿಲ್ವಾ?"

"ಕ್ಲಚ್ ಸುಟ್ಟಿದ್ದೆ," ಎಂದ ಸಾಗಿನ್, ತಪ್ಪು ಮಾಡಿದವನಂತೆ.

"ತಡೀರಿ, ತಡೀರಿ," ಎಂದು ಮೌಲ್ವಿಗಳು ಎದ್ದು ನಿಂತರು. "ಇಲ್ಲೊಂದು ಕೂಡಿ ಬರ್ತಿಲ್ಲ. ಸಿನಿಮಾದಲ್ಲಿ ಅವಳ ಗಂಡ ಸಾಯೋದೇ ಇಲ್ಲ. ಇವನು ನನ್ ಹತ್ರ, ಅವಳ ಗಂಡ ಎದೆ ನೋವಿಂದ ಸತ್ತ ಅಂದ. ಬೆಳಿಗ್ಗೆ ಅವಳ ದನಿ ಕೇಳ್ದಿದ್ರೆ ಗೇರು ಬೀಳಲ್ಲ ಅಂದ. ಸಾಗಿನ್, ಬೆಳಿಗ್ಗೆ ನಿನ್ ಬಸ್ಸಲ್ಲಿ ದನಿ ಮಾಡೋರು ಯಾರಯ್ಯಾ?"

ಸಾಗಿನ್ ಉತ್ತರ ಕೊಡಬೇಕಾಗಲಿಲ್ಲ. ಕ್ಲಬ್ಬಿನ ತಲೆಗಳೆಲ್ಲ ಒಂದೇ ಸಲ ಹಿಂದಕ್ಕೆ ತಿರುಗಿದವು. ಅಸಿಲ್ಕಾನ್ ಹಲ್ಲಿನ ನಡುವೆ ಸೂರ್ಯಕಾಂತಿ ಬೀಜ ಇಟ್ಟುಕೊಂಡಿದ್ದಳು. ಅದು ಟಕ್ಕೆಂದು ಒಡೆದದ್ದು ಎಲ್ಲರಿಗೂ ಕೇಳಿಸಿತು. ಸಾಗಿನ್ ಶಾಲೆಯ ಹುಡುಗನ ಹಾಗೆ ಕೈ ಕಟ್ಟಿಕೊಂಡು ನಿಂತಿದ್ದ. ನಕ್ಕುಬಿಟ್ಟರೆ? ಅವಳು ಈಗ ನಕ್ಕುಬಿಟ್ಟರೆ?

ಅವಳು ನಗಲಿಲ್ಲ. ಎದ್ದು, ಮಡಿಲಿನ ಸಿಪ್ಪೆ ಕೊಡವಿಕೊಂಡು, "ನಂಗೆ ಮೊಸರು ಕುದಿಯಕ್ಕೆ ಇಡಬೇಕು," ಎಂದು ಹೊರಟಳು. ಬಾಗಿಲ ಹತ್ತಿರ ನಿಂತು, ಯಾರನ್ನೂ ನೋಡದೆ, "ಆ ಕೋಟಿನ ತೋಳು ಉದ್ದ ಜಾಸ್ತಿ ಇದೆ," ಎಂದು ಹೇಳಿ ಹೋದಳು.

ಕಾಲಿಚಾ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಅಳಕ್ಕೆ ಅಂತ ಇಷ್ಟು ದೂರ ಬಂದಿದ್ದೀನಿ, ಬೇರೆ ಕೆಲ್ಸ ಇದ್ರೂ ಮಾಡ್ಕೊಂಡೇ ಹೋಗ್ತೀನಿ. ಓಲೆ ಗೀಲೆ ತಂದಿಟ್ಟಿದ್ದೀಯೇನೋ? ಕೊಡು ಇಲ್ಲಿ."

ಹೋದಳು, ಬಂದಳು. ಬಂದವಳ ಬಾಯಿಂದ ಹೊರಟದ್ದು ಇಷ್ಟೇ: "ಚಹಾ ಕೊಟ್ಟಳು. ಓಲೆ ಅಲ್ಲಿಡಿ ಅಂದಳು. ಇಟ್ಟು ಬಂದೆ."

"ಹಾಕ್ಕೊಂಡ್ಳಾ?"

"ನಾನು ಹೊಸಿಲು ದಾಟೋವರೆಗೂ ಹಾಕ್ಕೊಂಡಿರ್ಲಿಲ್ಲ."

ಬೆಳಿಗ್ಗೆ ನಾರಿನ್ ಬಸ್ಸು ತುಂಬಿ ತುಳುಕುತ್ತಿತ್ತು. ಪೇಟೆಯಲ್ಲಿ ಯಾವ ಕೆಲಸವೂ ಇಲ್ಲದವರೆಲ್ಲ ಬಂದು ಕೂತಿದ್ದರು. ಮೌಲ್ವಿಗಳು ಇದ್ದರು. ಪೊಲೀಸ್ ಮೆಲಿಸ್ ಹಿಂದಿನ ಸೀಟಿನಲ್ಲಿ ಜೀವನದಲ್ಲಿ ಮೊದಲ ಸಲ ಎಚ್ಚರವಾಗಿದ್ದ. ಕಾಲಿಚಾ ಇದ್ದಳು, ಬುರುಲ್ ಇದ್ದಳು. ಹಲ್ಲು ನೋವು ಮತ್ತೆ ಬಂದಿತ್ತು. ಜಿಪಾರಕ್ಕ ಕೊನೆಗೂ ನೆನಪು ಮಾಡಿಕೊಂಡು ಎರವಲು ತಂದ ಜರಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಅಸಿಲ್ಕಾನ್ ಚೀಲ ಹೊತ್ತು ಬಂದಳು. ಎಲ್ಲರ ಕಣ್ಣೂ ಅವಳ ಕಿವಿಗೆ ಹೋಯಿತು. ಕಿವಿ ಕಾಣಲಿಲ್ಲ. ಉಣ್ಣೆ ಶಾಲನ್ನು ಗಲ್ಲದವರೆಗೂ ಬಿಗಿಯಾಗಿ ಸುತ್ತಿಕೊಂಡಿದ್ದಳು. ಬಸ್ಸಿನ ತುಂಬ ಒಂದು ನಿಟ್ಟುಸಿರು ಹಾದುಹೋಯಿತು. ಅವಳು ಮುಂದೆ ಹತ್ತಿ, ಕೆಂಪು ಕೋಟಿನ ಗುಂಡಿ ಬಿಚ್ಚಿ, ಸೀಟಿನಿಂದ ಅದನ್ನು ಕಳಚಿ, ತಾನು ತೊಟ್ಟು, ತೋಳನ್ನು ಎರಡು ಮಡಿಕೆ ಮಡಿಸಿ ಕೂತಳು. ಅದರಿಂದಲೂ ಏನನ್ನೂ ಹೇಳುವಂತಿರಲಿಲ್ಲ. ಚಳಿ ಇತ್ತು.

ಹಿಂದೆ ಬಾಗಿಲು ತೆರೆದೇ ಇತ್ತು.

ಸಾಗಿನ್ ಸ್ಟೀರಿಂಗ್ ಹಿಡಿದು, ನೇರ ಮುಂದೆ ನೋಡುತ್ತಾ ಕಾದ. 'ಏ ಸಾಗಿನ್' ಎಂದರೆ ಹಳೇ ಸ್ನೇಹವಾದರೂ ಉಳಿಯಿತು. 'ಡ್ರೈವರೇ' ಎಂದರೆ ಎಲ್ಲ ಮುಗಿಯಿತು. ಅಸಿಲ್ಕಾನ್ ಎಂದಿನಂತೆ ಕೂಗಲು ಎದೆ ತುಂಬ ಉಸಿರು ಎಳೆದುಕೊಂಡಳು. ಬಾಯಿ ತೆರೆದಳು. ರಸ್ತೆಯ ಕೋಳಿಗಳು ಅಭ್ಯಾಸಬಲದಿಂದ ಪಕ್ಕಕ್ಕೆ ಸರಿದವು. ಆದರೆ ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು, ಅವಳು ಅದನ್ನು ನುಂಗಿಕೊಂಡಳು, ಶಾಲನ್ನು ಸರಿಮಾಡಿಕೊಂಡಳು, ಮುಖವೆಲ್ಲ ಕೋಟಿನ ಬಣ್ಣವಾಯಿತು.

"ರೀ," ಎಂದಳು ಮೆಲ್ಲಗೆ. "ಬಾಗಿಲು."

ಬುರುಲ್ ಸೀಟಿನಿಂದ ಎದ್ದು ನಿಂತು, "ಅತ್ತೇ!" ಎಂದು ಕಿರುಚಿದಳು. ಜಿಪಾರಕ್ಕನ ಜರಡಿ ಉರುಳಿ ಮೌಲ್ವಿಗಳ ಕಾಲ ಮೇಲೆ ಬಿತ್ತು. ಗೇರು ತಾನಾಗಿಯೇ ಬಿತ್ತು. ಬಸ್ಸು ಹೊರಟಿತು, ಹಾಡುತ್ತಾ, ಚಪ್ಪಾಳೆ ತಟ್ಟುತ್ತಾ, ಕಾಲಿಚಾಳ ಬೋರ್ಸೋಕ್ ಚೀಲವನ್ನು ಕೈಯಿಂದ ಕೈಗೆ ದಾಟಿಸುತ್ತಾ. ಬಾಗಿಲು ಮಾತ್ರ ನಾರಿನ್ ಬರುವವರೆಗೂ ಪಟಪಟ ಬಡಿದುಕೊಳ್ಳುತ್ತಲೇ ಇತ್ತು; ಅದಕ್ಕೆ ಒಂದು ಒದೆ ಕೊಡಬೇಕೆಂದು ಸಾಗಿನ್‌ಗೆ ನೆನಪಾಗಲೇ ಇಲ್ಲ.